ಹಳೆಯ ಅಚ್ಚುಚಿತ್ರಗಳ ಜಾತಿನಿರ್ಣಯ

ಓಲೆಯ ಪ್ರತಿಯೊಂದು ಕೈಗೆ ದೊರೆತರೆ ವಿದ್ವಾಂಸರು ಅದರ ಗರಿಯನ್ನೂ ಲಿಪಿಯನ್ನೂ ಲಿಪಿಕಾರನ ಸಮಾಪ್ತಿವಾಕ್ಯವನ್ನೂ ಮೊದಲು ಪರೀಕ್ಷಿಸುವರು. ಕವಿಯ ಕಾಲ ಯಾವುದು, ಪ್ರತಿಯ ಕಾಲ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುವರು. ಪಂಪನು ಹತ್ತನೆಯ ಶತಮಾನದವನೆಂದ ಮಾತ್ರಕ್ಕೆ ಅವನ ಕಾವ್ಯದ ಓಲೆಗಳೆಲ್ಲ ಹತ್ತನೆಯ ಶತಮಾನದವೆಂದು ಯಾರೂ ಹೇಳಲಾರರು. ಆದರೆ ಅದೇ ವಿದ್ವಾಂಸರ ಮುಂದೆ ಕಟ್ಟುಹಾಕಿದ ಹಳೆಯ ಚಿತ್ರವೊಂದನ್ನು ಇಟ್ಟರೆ ಈ ವಿವೇಕವು ಅನೇಕ ವೇಳೆ ಮರೆಯಾಗುವುದು. ಚಿತ್ರದಲ್ಲಿ ಕಾಣುವ ವೇಷಭೂಷಣಗಳು ಯಾವ ಕಾಲದವೋ ಚಿತ್ರವೂ ಆ ಕಾಲದ್ದೇ ಎಂದೂ, ಕಾಗದವು ಕಂದಿದ್ದರೆ ಅದು ಪ್ರಾಚೀನವೆಂದೂ, ಗೆರೆಗೆರೆಯಾಗಿ ಕಂಡರೆ ತಾಮ್ರದ ತಗಡಿನಿಂದ ತೆಗೆದುದೆಂದೂ ಭಾವಿಸಿ, ಅಂಥ ಚಿತ್ರಗಳನ್ನು ಪಾಠಪುಸ್ತಕಗಳಲ್ಲಿಯೂ ಇತಿಹಾಸಗ್ರಂಥಗಳಲ್ಲಿಯೂ ಸಾಕ್ಷ್ಯವಾಗಿ ಬಳಸುವುದುಂಟು. ಅಚ್ಚುಚಿತ್ರಗಳಲ್ಲಿ ಎಷ್ಟು ಜಾತಿಗಳು, ಅವುಗಳನ್ನು ಗುರುತಿಸುವ ಲಕ್ಷಣಗಳು ಯಾವುವು, ಆ ಲಕ್ಷಣಗಳಿಂದ ಎಷ್ಟನ್ನು ನಿರ್ಣಯಿಸಬಹುದು, ಎಷ್ಟನ್ನು ನಿರ್ಣಯಿಸಲಾಗದು ಎಂಬುದೇ ಈ ಲೇಖನದ ವಿಷಯ.

ಕೊಡಗಿನ ಮಟ್ಟಿಗೆ ಈ ವಿಚಾರಕ್ಕೆ ವಿಶೇಷವಾದ ಪ್ರಾಮುಖ್ಯವಿದೆ. ಹಾಲೇರಿ ವಂಶದ ಕಡೆಯ ಅರಸನಾದ ಚಿಕ್ಕವೀರರಾಜೇಂದ್ರನು ಪದಚ್ಯುತನಾದದ್ದು ೧೮೩೪ರಲ್ಲಿ. ಛಾಯಾಚಿತ್ರಕಲೆಯು ಲೋಕಕ್ಕೆ ಪ್ರಕಟವಾದದ್ದು ೧೮೩೯ರಲ್ಲಿ. ಆದುದರಿಂದ ಆ ಅರಸರ ಆಳ್ವಿಕೆಯ ಕಾಲವನ್ನು ಕಣ್ಣಿಗೆ ತೋರಿಸುವ ಸಾಧನಗಳೆಂದರೆ ಕೈಬರೆಹದ ಚಿತ್ರಗಳೂ ಅಚ್ಚುಚಿತ್ರಗಳೂ ಮಾತ್ರ. ಛಾಯಾಚಿತ್ರವು ಇರುವ ಸಂಭವವೇ ಇಲ್ಲ. ಇನ್ನು ಕಿಗ್ಗಟ್ಟುನಾಡಿನ ಪೊನ್ನಂಪೇಟೆಯ ಸೀಮೆಯನ್ನು ನೋಡಿದರೆ, ಅಲ್ಲಿಯ ಐನ್‌ಮನೆಗಳ ಕೈಯಾಲೆಯಲ್ಲಿಯೂ ನೆಲ್ಲಕ್ಕಿ ನಡುಬಾಡೆಯಲ್ಲಿಯೂ, ಸುತ್ತಣ ಕಾಫಿತೋಟಗಳ ಹಳೆಯ ಬಂಗಲೆಗಳಲ್ಲಿಯೂ ಮೂರು ಬಗೆಯ ಚಿತ್ರಗಳು ಒಂದೇ ಗೋಡೆಗೆ ಸೇರಿಕೊಂಡಿರುವುದು ಸಾಧಾರಣ: ಕಾವೇರಮ್ಮನ ಮತ್ತು ದೇವದೇವಿಯರ ಬಣ್ಣದ ಪಟಗಳು; ತೋಟದ ದೊರೆಗಳ ಕಾಲದಿಂದ ಉಳಿದ ಇಂಗ್ಲಿಷ್ ಚಿತ್ರಗಳು; ಸೈನ್ಯದಲ್ಲಿ ಸೇವೆಮಾಡಿದವರ ಭಾವಚಿತ್ರಗಳು. ಇವು ಮೂರೂ ‘ಹಳೆಯ ಪಟ’ ಎಂಬ ಒಂದೇ ಹೆಸರಿಗೆ ಒಳಗಾಗಿವೆ. ವಸ್ತುತಃ ಅವು ಹುಟ್ಟಿದ ಬಗೆ ಬೇರೆ, ಕಾಲ ಬೇರೆ, ಹೇಳುವ ಸಾಕ್ಷ್ಯವೂ ಬೇರೆ.

ಮೂರು ಮೂಲಜಾತಿಗಳು

ಅಚ್ಚಿನ ಮೂಲತತ್ತ್ವವನ್ನು ಅರಿಯಲು ಶಾಸನದ ಪಡಿಯಚ್ಚು ಒಳ್ಳೆಯ ದೃಷ್ಟಾಂತ. ಬಿ. ಎಲ್. ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟವನ್ನು ಕೊಡಗಿನ ಶಾಸನಗಳಿಗಾಗಿಯೇ ಮೀಸಲಿಟ್ಟು ೧೮೮೬ರಲ್ಲಿ ಪ್ರಕಟಿಸಿದರು, ಅಂದಿನಿಂದ ಪಡಿಯಚ್ಚು ಕನ್ನಡ ವಿದ್ವಾಂಸರಿಗೆ ಪರಿಚಿತವಾದ ವಸ್ತು. ನೆನೆದ ಕಾಗದವನ್ನು ಕಲ್ಲಿಗೆ ಹೊಂದಿಸಿ, ಕುಂಚದಿಂದ ಬಡಿದು, ಮೇಲೆ ಮಸಿಯನ್ನು ಒತ್ತಿದರೆ ಕಲ್ಲಿನ ಮೈ ಕಪ್ಪಾಗಿಯೂ ಕೊರೆದ ಅಕ್ಷರ ಬೆಳ್ಳಗೂ ಮೂಡುವುದು. ಇಲ್ಲಿ ಮಸಿ ಹತ್ತುವುದು ಎತ್ತರವಾದ ಭಾಗಕ್ಕೆ. ಇದಕ್ಕೆ ಪ್ರತಿಯಾಗಿ, ಅದೇ ಕಲ್ಲಿನ ಅಕ್ಷರಗಳ ತಗ್ಗಿನಲ್ಲಿ ಮಸಿ ತುಂಬಿ, ಮೈಯನ್ನು ಚೊಕ್ಕಟವಾಗಿ ಒರೆಸಿ, ಕಾಗದವನ್ನು ಬಲವಾಗಿ ಅದುಮಿದರೆ ಅಕ್ಷರ ಕಪ್ಪಾಗಿಯೂ ಮೈ ಬೆಳ್ಳಗೂ ಬರುವುದು. ಮೊದಲನೆಯದು ಉಬ್ಬಚ್ಚಿನ ತತ್ತ್ವ, ಎರಡನೆಯದು ತಗ್ಗಚ್ಚಿನ ತತ್ತ್ವ. ಉಬ್ಬುತಗ್ಗುಗಳೆರಡೂ ಇಲ್ಲದೆ, ನುಣ್ಣನೆಯ ಕಲ್ಲಿನ ಮೇಲೆ ಜಿಡ್ಡಿನಿಂದ ಬರೆದು, ಜಿಡ್ಡು ನೀರುಗಳ ಸಹಜವೈರವನ್ನೇ ಉಪಯೋಗಿಸಿಕೊಂಡು ಮುದ್ರಿಸುವುದು ಮೂರನೆಯ ಜಾತಿ. ಇದಕ್ಕೆ ಕಲ್ಲಚ್ಚು ಅಥವಾ ಶಿಲಾಮುದ್ರಣವೆಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳಕಿನ ಸಹಾಯದಿಂದ ಅಚ್ಚುಪಡಿಗಳನ್ನು ಸಿದ್ಧಪಡಿಸುವ ಕ್ರಮಗಳು ಬಂದುವು. ಅವು ಮೇಲಣ ಮೂರರಲ್ಲಿ ಒಂದನ್ನು ಆಶ್ರಯಿಸಿಯೇ ಇವೆಯಾದರೂ ಲಕ್ಷಣದಲ್ಲಿ ಭಿನ್ನವಾದುದರಿಂದ ಬೇರೆಯಾಗಿ ಹೇಳತಕ್ಕವು.

ಉಬ್ಬಚ್ಚು

ಉಬ್ಬಚ್ಚಿನಲ್ಲಿ ಮುಖ್ಯವಾದುದು ಮರದಚ್ಚು. ಇದರಲ್ಲಿ ಎರಡು ಪ್ರಭೇದಗಳು. ಹಲಗೆಯ ಉದ್ದನೆಯ ಮೈಯನ್ನು ಚಾಕುವಿನಿಂದ ಕೊರೆದದ್ದು ಪ್ರಾಚೀನ ಪ್ರಭೇದ. ಇದರ ಗೆರೆಗಳು ದಪ್ಪ, ತಿರುವುಗಳು ಕೋನಯುಕ್ತ. ಗಟ್ಟಿಯಾದ ಬಾಕ್ಸ್ ಮರವನ್ನು ಅಡ್ಡವಾಗಿ ಕುಯ್ದು, ಆ ಅಡ್ಡಮೈಯಲ್ಲಿ ಕಂಡರಣೆಯ ಉಳಿಯಿಂದ ಸೂಕ್ಷ್ಮವಾಗಿ ಕೆತ್ತಿದ್ದು ಎರಡನೆಯದು. ಇದನ್ನು ಉನ್ನತಸ್ಥಿತಿಗೆ ತಂದವನು ಇಂಗ್ಲೆಂಡಿನ ಥಾಮಸ್ ಬ್ಯೂಯಿಕ್. ಅವನ ಚತುಷ್ಪಾತ್ ಪ್ರಾಣಿಗಳ ಗ್ರಂಥವು ೧೭೯೦ರಲ್ಲಿ ಪ್ರಕಟವಾಯಿತು. ಈ ಕೆತ್ತನೆಯಲ್ಲಿ ಉಳಿಯು ಉಂಟುಮಾಡುವುದು ಬಿಳಿಯ ಗೆರೆಯನ್ನು. ಕಪ್ಪು ಉಳಿದುಕೊಳ್ಳುವ ಭಾಗ. ಆದುದರಿಂದ ನೆರಳಿನ ಎಡೆಯಲ್ಲಿ ಕಪ್ಪಿನ ಮೇಲೆ ಬಿಳಿಗೆರೆಗಳು ಓಡಾಡಿದಂತೆ ತೋರಿದರೆ ಅದು ಈ ಜಾತಿಯದೆಂದು ಊಹಿಸಬಹುದು.

ಮರದ ಪಡಿಯ ಎತ್ತರವು ಅಚ್ಚುಮೊಳೆಯ ಎತ್ತರಕ್ಕೆ ಸಮವಾಗಿರುವಂತೆ ಮಾಡಿ, ಚಿತ್ರವನ್ನೂ ಅಕ್ಷರವನ್ನೂ ಒಂದೇ ಒತ್ತಿಗೆ ಮುದ್ರಿಸಬಹುದಾಗಿತ್ತು. ಇದೇ ಕಾರಣದಿಂದ ೧೮೪೨ರಲ್ಲಿ ಆರಂಭವಾದ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಮೊದಲಾದ ಸಚಿತ್ರ ವಾರಪತ್ರಿಕೆಗಳು ದಶಕಗಳವರೆಗೆ ಮರದ ಕೆತ್ತನೆಯನ್ನೇ ಅವಲಂಬಿಸಿದ್ದುವು. ಬಾಕ್ಸ್ ಮರದ ಅಡ್ಡಕೊಯ್ತವು ಚಿಕ್ಕದು. ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಬಿಗಿದು ಜೋಡಿಸಬೇಕಾಗಿತ್ತು. ಜೋಡಣೆಯ ಸಂದುಗಳು ಕೆಲವು ಪ್ರತಿಗಳಲ್ಲಿ ಕೂದಲೆಳೆಯಂತಹ ನೇರವಾದ ಬಿಳಿಗೆರೆಗಳಾಗಿ ಕಾಣುತ್ತವೆ. ಹಿಂಬದಿಯಲ್ಲಿ ಅಚ್ಚುಮೊಳೆಯ ಬರೆಹವಿದ್ದು, ಮುಂಬದಿಯಲ್ಲಿ ಇಂತಹ ಸಂದುಗೆರೆಗಳಿದ್ದು, ಚಿತ್ರದ ಸುತ್ತ ತಗಡು ಅದುಮಿದ ಗುರುತಿಲ್ಲದಿದ್ದರೆ ಅದು ಪತ್ರಿಕೆಯಿಂದಲೋ ಪುಸ್ತಕದಿಂದಲೋ ಕತ್ತರಿಸಿದ ಮರದಚ್ಚೆಂದು ಬಹುಮಟ್ಟಿಗೆ ನಿಶ್ಚಯವಾಗುವುದು. ಭೂತಗನ್ನಡಿಯಲ್ಲಿ ನೋಡಿದರೆ ಗೆರೆಯ ಅಂಚಿಗೆ ಮಸಿಯು ತಳ್ಳಲ್ಪಟ್ಟು ಅಂಚು ಹೆಚ್ಚು ಕಪ್ಪಾಗಿರುವುದೂ ಉಬ್ಬಚ್ಚಿನ ಸಾಮಾನ್ಯಲಕ್ಷಣ.

ತಗ್ಗಚ್ಚು

ತಗ್ಗಚ್ಚಿನ ಸರ್ವಸಾಮಾನ್ಯ ಲಕ್ಷಣಗಳು ಎರಡು. ತಾಮ್ರದ ತಗಡನ್ನೂ ನೆನೆದ ಕಾಗದವನ್ನೂ ಉರುಳೆಗಳ ನಡುವೆ ಒತ್ತುವುದರಿಂದ ತಗಡಿನ ಅಂಚು ಕಾಗದದಲ್ಲಿ ಚೌಕಟ್ಟಿನಂತೆ ಅದುಮಿಕೊಳ್ಳುವುದು ಒಂದು. ತಗ್ಗಿನಲ್ಲಿದ್ದ ಮಸಿ ಮೇಲಕ್ಕೆದ್ದು ಕಾಗದದ ಮೇಲೆ ದಿಣ್ಣೆಯಂತೆ ನಿಲ್ಲುವುದು ಇನ್ನೊಂದು. ಓರೆಬೆಳಕಿನಲ್ಲಿ ಹಿಡಿದರೆ ಈ ದಿಣ್ಣೆ ಕಣ್ಣಿಗೆ ಕಾಣುವುದು. ಇದರ ಅವಾಂತರಭೇದಗಳನ್ನು ಹೀಗೆ ವಿವೇಚಿಸಬಹುದು.

ಉಳಿಯಿಂದ ನೇರವಾಗಿ ತಾಮ್ರವನ್ನು ಕೊರೆದ ಗೆರೆ ಸಣ್ಣಗೆ ಮೊದಲಾಗಿ, ನಡುವೆ ದಪ್ಪನಾಗಿ, ಮತ್ತೆ ಸಣ್ಣಗೆ ಮೊನೆಗೊಳ್ಳುವುದು. ಕೈಯ ಒತ್ತಡ ಏರಿ ಇಳಿಯುವುದೇ ಇದಕ್ಕೆ ಕಾರಣ. ತಗಡಿಗೆ ಮೇಣದಂತಹ ಲೇಪವನ್ನು ಬಳಿದು, ಸೂಜಿಯಿಂದ ಗೀಚಿ, ದ್ರಾವಕದಲ್ಲಿ ಅದ್ದಿದರೆ ಗೀಚಿದಷ್ಟನ್ನು ದ್ರಾವಕವು ತಿನ್ನುವುದು. ಹೀಗೆ ಹುಟ್ಟಿದ ಗೆರೆ ಮೊದಲಿಂದ ಕೊನೆಯವರೆಗೆ ಸಮನಾಗಿದ್ದು, ಕೊನೆಯಲ್ಲಿ ಮೊಂಡಾಗಿರುವುದು. ಅದರ ಓಟವು ಲೇಖನಿಯ ಓಟದಂತೆ ಸ್ವಚ್ಛಂದವಾಗಿರುವುದು. ಗೆರೆಗಳಿಗೆ ಬದಲಾಗಿ ಕೊರೆದ ಚುಕ್ಕೆಗಳಿಂದಲೇ ಮೈಯ ನುಣುಪನ್ನು ತೋರಿಸುವುದು ಚುಕ್ಕೆಕೆತ್ತನೆ. ತಗಡಿನ ಮೈಯನ್ನೆಲ್ಲ ಹಲ್ಲಿನ ಉಪಕರಣದಿಂದ ಒರಟುಮಾಡಿ, ಬೆಳಕು ಬೇಕಾದಲ್ಲಿ ಮಾತ್ರ ಉಜ್ಜಿ ನುಣುಪುಗೊಳಿಸುವುದು ಮೆಜೊಟಿಂಟು. ಇಲ್ಲಿ ಚಿತ್ರವು ಕತ್ತಲೆಯಿಂದ ಬೆಳಕಿಗೆ ಬರುವುದು, ಕಪ್ಪು ಮಕಮಲ್ಲಿನಂತೆ ಗಾಢವಾಗಿರುವುದು. ತಗಡಿನ ಮೇಲೆ ರಾಳದ ಪುಡಿಯನ್ನು ಉದುರಿಸಿ, ಕಾಯಿಸಿ ಅಂಟಿಸಿ, ದ್ರಾವಕದಲ್ಲಿ ಅದ್ದುವುದು ಆಕ್ವಟಿಂಟು. ರಾಳದ ಕಣಗಳ ಸುತ್ತ ಮಾತ್ರ ದ್ರಾವಕವು ತಿನ್ನುವುದರಿಂದ, ಭೂತಗನ್ನಡಿಯಲ್ಲಿ ಬಿಳಿಯ ಕಣಗಳನ್ನು ಕಪ್ಪು ಬಲೆ ಸುತ್ತಿಕೊಂಡಂತೆ ತೋರುವುದು. ಜಲವರ್ಣಚಿತ್ರವನ್ನು ಅನುಕರಿಸಲು ಇದಕ್ಕಿಂತ ಉತ್ತಮವಾದ ಕ್ರಮವು ಆ ಕಾಲದಲ್ಲಿ ಇರಲಿಲ್ಲ.

ಕನ್ನಡನಾಡಿನ ದೃಶ್ಯಗಳು ಯುರೋಪಿಗೆ ಮೊದಲು ವಿಪುಲವಾಗಿ ಪರಿಚಯವಾದದ್ದು ಈ ತಗ್ಗಚ್ಚುಗಳ ಮೂಲಕವೇ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದ ರಾಬರ್ಟ್ ಹೋಮನ ಮೈಸೂರು ದೃಶ್ಯಗಳು ೧೭೯೪ರಲ್ಲಿ ಲಂಡನ್ನಿನಲ್ಲಿ ಗೆರೆಕೆತ್ತನೆಯಾಗಿ ಪ್ರಕಟವಾದುವು. ಫಿರಂಗಿದಳದ ಜೇಮ್ಸ್ ಹಂಟರನ ನಲವತ್ತು ಚಿತ್ರಗಳನ್ನು ಎಡ್ವರ್ಡ್ ಓರ್ಮ್ ಎಂಬ ಪ್ರಕಾಶಕನು ಬಣ್ಣ ಹಚ್ಚಿದ ಆಕ್ವಟಿಂಟುಗಳನ್ನಾಗಿ ೧೮೦೫ರಲ್ಲಿ ಹೊರತಂದನು. ಇಂತಹ ಪುಸ್ತಕಗಳನ್ನು ಬಿಡಿಸಿ ಹಾಳೆಗಳನ್ನು ಒಂದೊಂದಾಗಿ ಕಟ್ಟುಹಾಕಿಸುವುದು ಬಹುಕಾಲದಿಂದ ನಡೆದುಬಂದ ವ್ಯಾಪಾರ. ಆದುದರಿಂದ ಬಿಡಿಯಾಗಿ ಸಿಕ್ಕ ಹಾಳೆಯಲ್ಲಿ ಹೊಲಿಗೆಯ ರಂಧ್ರವನ್ನೂ ನಡುಮಡಿಕೆಯನ್ನೂ ಹುಡುಕುವುದು ಯುಕ್ತ.

ತಾಮ್ರವು ಮೃದು, ಕೆಲವು ಸಾವಿರ ಒತ್ತುಗಳಿಗೆ ಗೆರೆಗಳು ಸವೆಯುವುವು, ಮೆಜೊಟಿಂಟು ಕೆಲವು ನೂರಕ್ಕೇ ಸವೆಯುವುದು. ೧೮೨೦ರ ಸುಮಾರಿನಿಂದ ಪುಸ್ತಕದ ಚಿತ್ರಗಳಿಗೆ ಉಕ್ಕಿನ ತಗಡು ಬಳಕೆಗೆ ಬಂದಿತು. ಅದರ ಗೆರೆಗಳು ಅತಿ ಸಣ್ಣ, ಅತಿ ನಿಬಿಡ, ಬಣ್ಣದಲ್ಲಿ ಬೂದಿಯ ಛಾಯೆ. ತಾಮ್ರದ ಬಿಸುಪು ಅದರಲ್ಲಿಲ್ಲ.

ಕಲ್ಲಚ್ಚು

ಕಲ್ಲಚ್ಚನ್ನು ಬವೇರಿಯ ದೇಶದ ಅಲೋಯಿಸ್ ಸೆನೆಫೆಲ್ಡರನು ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕಂಡುಹಿಡಿದನು. ಕನ್ನಡ ಸಾಹಿತ್ಯಕ್ಕೆ ಈ ಕಲೆಯ ಋಣವು ದೊಡ್ಡದು. ಬಾಸೆಲ್ ಮಿಷನ್ನಿನವರು ೧೮೪೧ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ೧೮೪೩ರ ಜುಲೈ ೧ರಂದು ಅಲ್ಲಿಂದ ಹೊರಟದ್ದು ಕಲ್ಲಚ್ಚಿನಲ್ಲಿಯೇ. ಅದರ ಸಂಪಾದಕರಾದ ಹೆರ್ಮನ್ ಮೋಗ್ಲಿಂಗರೇ ಮುಂದೆ ೧೮೫೩ರಲ್ಲಿ ಕೊಡಗಿಗೆ ಬಂದು, ೧೮೫೫ರಲ್ಲಿ ಆ ದೇಶದ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ಗ್ರಂಥವಾಗಿ ಪ್ರಕಟಿಸಿದರು.

ಸಾಹಿತ್ಯದ ಅಧ್ಯಾಪಕರು ಕಲ್ಲಚ್ಚಿನ ಲಕ್ಷಣವನ್ನು ಚಿತ್ರಕ್ಕಿಂತ ಮೊದಲು ಅಕ್ಷರದಲ್ಲಿಯೇ ಕಲಿಯಬಹುದು. ಒಂದು ಪುಟದಲ್ಲಿ ನಾಲ್ಕು ‘ಕ’ಕಾರಗಳನ್ನು ಆರಿಸಿ ಭೂತಗನ್ನಡಿಯಲ್ಲಿ ಹೋಲಿಸತಕ್ಕದ್ದು. ಮೊಳೆಯಚ್ಚಾದರೆ ನಾಲ್ಕೂ ಒಂದೇ ಎರಕದಲ್ಲಿ ಹುಟ್ಟಿದುದರಿಂದ ಒಂದೇ ಬಗೆಯಾಗಿರುವುವು, ಹಿಂಬದಿಯಲ್ಲಿ ಒತ್ತಿನ ಗುರುತೂ ಬೆರಳಿಗೆ ತಗಲುವುದು. ಕಲ್ಲಚ್ಚಾದರೆ ಕೈಬರೆಹದ ಅಕ್ಷರಗಳಾದುದರಿಂದ ನಾಲ್ಕರಲ್ಲಿಯೂ ಸ್ವಲ್ಪ ಸ್ವಲ್ಪ ಭೇದವಿರುವುದು, ಹಿಂಬದಿ ನುಣ್ಣಗಿರುವುದು. ಚಿತ್ರಕ್ಕೂ ಇದೇ ನ್ಯಾಯ. ಕಲ್ಲಚ್ಚಿನ ಚಿತ್ರದಲ್ಲಿ ತಗಡಿನ ಚೌಕಟ್ಟಿನ ಗುರುತಿಲ್ಲ, ಮಸಿಯ ದಿಣ್ಣೆಯಿಲ್ಲ. ಒರಟು ಕಲ್ಲಿನ ಮೇಲೆ ಜಿಡ್ಡುಕಡ್ಡಿಯಿಂದ ಬರೆದ ನೆರಳು, ಒರಟು ಕಾಗದದ ಮೇಲೆ ಇದ್ದಲಿನಿಂದ ಬರೆದಂತೆ ಕ್ರಮವಿಲ್ಲದ ಕಣಗಳಾಗಿ ಒಡೆದಿರುವುದು.

ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲನ್ನು ಸಿದ್ಧಪಡಿಸಿ, ಒಂದರ ಮೇಲೊಂದನ್ನು ಸರಿಯಾಗಿ ಹೊಂದಿಸಿ ಮುದ್ರಿಸಿದರೆ ಅದು ಬಣ್ಣದ ಕಲ್ಲಚ್ಚು. ಅದಕ್ಕೆ ಎಣ್ಣೆಚಿತ್ರದ ಹೊಳಪು ಬರುವಂತೆ ವಾರ್ನಿಷ್ ಹಚ್ಚಿ, ಕೆಲವೊಮ್ಮೆ ಕ್ಯಾನ್ವಾಸಿನ ನೆಯ್ಗೆಯನ್ನು ಅನುಕರಿಸುವ ಉಬ್ಬುತಗ್ಗುಗಳನ್ನು ಒತ್ತಿದರೆ ಅದನ್ನು ಓಲಿಯೋಗ್ರಾಫ್ ಎನ್ನುವರು. ದಕ್ಷಿಣದ ಮನೆಗಳ ದೇವರ ಪಟಗಳಲ್ಲಿ ಹಳೆಯವು ಬಹುಮಟ್ಟಿಗೆ ಈ ವರ್ಗಕ್ಕೆ ಸೇರುವುವು. ರಾಜಾ ರವಿವರ್ಮನ ಮುದ್ರಣಾಲಯವು ಜರ್ಮನಿಯ ಯಂತ್ರಗಳೊಡನೆಯೂ ಕುಶಲಿಗಳೊಡನೆಯೂ ೧೮೯೪ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ೧೮೯೯ರಲ್ಲಿ ಲೋಣಾವಳದ ಸಮೀಪದ ಮಳವಲಿಗೆ ಹೋಯಿತು. ಕೆಲವೇ ವರ್ಷಗಳಲ್ಲಿ ಫ್ರಿಟ್ಸ್ ಶ್ಲೈಷರ್ ಎಂಬ ಜರ್ಮನ್ ಕುಶಲಿಯ ವಶವಾಯಿತು. ರವಿವರ್ಮನು ೧೯೦೬ರಲ್ಲಿ ಕಾಲವಾದ ಮೇಲೆಯೂ ಅವನ ಹೆಸರಿನ ಪಟಗಳು ಹಲವು ದಶಕಗಳ ಕಾಲ ಅಲ್ಲಿ ಅಚ್ಚಾಗುತ್ತಿದ್ದುವು. ಆದುದರಿಂದ ಪಟದಲ್ಲಿ ರವಿವರ್ಮನ ಅಂಕಿತವಿದೆಯೆಂಬುದರಿಂದ ಅದು ಅವನ ಜೀವಿತಕಾಲದ ಮುದ್ರಣವೆಂದು ಸಿದ್ಧಿಸುವುದಿಲ್ಲ. ಅಂಚಿನಲ್ಲಿ ಮಳವಲಿಯ ಅಥವಾ ಲೋಣಾವಳದ ಹೆಸರಿದ್ದರೆ ಅದು ೧೮೯೯ಕ್ಕಿಂತ ಹಿಂದಿನದಲ್ಲವೆಂಬುದಂತೂ ನಿಶ್ಚಯ.

ಬಣ್ಣದ ಕಲ್ಲಚ್ಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಮುಖದ ಮತ್ತು ಕೈಗಳ ಛಾಯೆಯು ಕೈಯಿಂದ ಇಟ್ಟ ಚುಕ್ಕೆಗಳಿಂದ ಆದುದೆಂದು ತಿಳಿಯುವುದು. ಈ ಚುಕ್ಕೆಗಳು ಸಾಲುಗಟ್ಟಿ ನಿಲ್ಲುವುದಿಲ್ಲ. ಒಂದು ದೊಡ್ಡದು, ಒಂದು ಸಣ್ಣದು, ಒಂದರ ಮೇಲೊಂದು ಬಿದ್ದಿರುವುವು. ಪಟಕ್ಕೆ ಜರಿಯನ್ನೂ ಬಟ್ಟೆಯನ್ನೂ ಚಮಕಿಯನ್ನೂ ಅಂಟಿಸಿ ಅಲಂಕರಿಸುವ ಪದ್ಧತಿಯಿದ್ದುದರಿಂದ, ಅಂತಹ ಪಟಗಳನ್ನು ಮೈಸೂರಿನ ಅಥವಾ ತಂಜಾವೂರಿನ ಕೈಬರೆಹದ ಚಿತ್ರಗಳೆಂದು ಭ್ರಮಿಸುವುದೂ ಉಂಟು. ಅಲಂಕಾರವಿಲ್ಲದ ಮುಖಭಾಗವನ್ನು ಪರೀಕ್ಷಿಸಿದರೆ ಭ್ರಮೆ ತೊಲಗುವುದು: ಕೈಬರೆಹದಲ್ಲಿ ಕುಂಚದ ಎಳೆತವಿರುವುದು, ಅಚ್ಚಿನಲ್ಲಿ ಚುಕ್ಕೆಗಳಿರುವುವು.

ಛಾಯಾಮುದ್ರಣ

ಛಾಯಾಚಿತ್ರವನ್ನು ಮಸಿಯಿಂದ ಮುದ್ರಿಸುವ ಕ್ರಮಗಳಲ್ಲಿ ಮೂರನ್ನು ಅರಿತರೆ ಸಾಕು. ಬೆಳಕು ತಗಲಿದ ಸರೇಸಿನ ಪೊರೆಯಿಂದ ಮುದ್ರಿಸುವುದು ಕಾಲೊಟೈಪು. ಅದರ ಕಣಗಳು ಒಣಗಿದ ಕೆರೆಯ ಅಂಗಳದ ಬಿರುಕುಗಳಂತೆ ಸುಕ್ಕುಸುಕ್ಕಾಗಿ ಕಾಣುವುವು. ಛಾಯಾಚಿತ್ರವನ್ನು ತಾಮ್ರಕ್ಕೆ ಇಳಿಸಿ ತಗ್ಗಚ್ಚಿನಂತೆ ಮುದ್ರಿಸುವುದು ಫೋಟೊಗ್ರವೂರು. ೧೮೭೯ರಲ್ಲಿ ಕಾರೆಲ್ ಕ್ಲಿಚ್ ಎಂಬವನು ಇದನ್ನು ಪರಿಪೂರ್ಣಗೊಳಿಸಿದನು. ಚಿತ್ರವನ್ನು ಗಾಜಿನ ಜಾಲರಿಯ ಮೂಲಕ ಚುಕ್ಕೆಗಳಾಗಿ ಒಡೆದು ಉಬ್ಬಚ್ಚಾಗಿ ಮುದ್ರಿಸುವುದು ಹಾಫ್‌ಟೋನು. ಇದು ೧೮೮೦ರ ದಶಕದಿಂದ ಬಳಕೆಗೆ ಬಂದಿತು. ಹಾಫ್‌ಟೋನಿನ ಚುಕ್ಕೆಗಳು ರಂಗವಲ್ಲಿಯ ಚುಕ್ಕೆಗಳಂತೆ ಸಮಾಂತರದಲ್ಲಿ ಸಾಲುಗಟ್ಟಿ ನಿಲ್ಲುವುವು. ನೆರಳಿನಲ್ಲಿ ದಪ್ಪವಾಗುವುವು, ಬೆಳಕಿನಲ್ಲಿ ಸಣ್ಣವಾಗುವುವು, ಸಾಲು ಮಾತ್ರ ತಪ್ಪುವುದಿಲ್ಲ. ನಾಲ್ಕು ಬಣ್ಣಗಳ ಇಂತಹ ಜಾಲಗಳು ಒಂದರ ಮೇಲೊಂದು ಓರೆಯಾಗಿ ಬಿದ್ದು ಹೂವಿನ ಆಕಾರವನ್ನು ತಾಳಿದ್ದರೆ ಅದು ಇಪ್ಪತ್ತನೆಯ ಶತಮಾನದ ಮುದ್ರಣ. ಶಿವಕಾಶಿಯ ಕ್ಯಾಲೆಂಡರುಗಳಲ್ಲಿ ಕಾಣುವುದು ಇದೇ.

ಪೊನ್ನಂಪೇಟೆಯಲ್ಲಿ ರಾಮಕೃಷ್ಣ ಶಾರದಾಶ್ರಮವು ೧೯೨೭ರಲ್ಲಿ ಸ್ಥಾಪಿತವಾಯಿತು. ಪರಮಹಂಸರ ಕುಳಿತ ಭಂಗಿಯ ಚಿತ್ರವು ಆ ಸೀಮೆಯ ಮನೆಮನೆಗೂ ಪರಿಚಿತ. ಪರಮಹಂಸರು ಸಮಾಧಿಸ್ಥರಾದದ್ದು ೧೮೮೬ರಲ್ಲಿ. ಅವರ ಜೀವಿತಕಾಲದಲ್ಲಿಯೇ ತೆಗೆದ ಛಾಯಾಚಿತ್ರವೇ ಈ ಪಟಗಳಿಗೆಲ್ಲ ಮೂಲ. ಮೂಲವು ಒಂದೇ ಆದರೂ ಅದನ್ನು ಅನುಸರಿಸಿದ ಪಟವು ಹಾಫ್‌ಟೋನಾಗಿರಬಹುದು, ಬಣ್ಣದ ಕಲ್ಲಚ್ಚಾಗಿರಬಹುದು, ನಿನ್ನೆಯ ಕ್ಯಾಲೆಂಡರೂ ಆಗಿರಬಹುದು. ರೂಪದ ಕಾಲ ಒಂದು, ಮುದ್ರೆಯ ಕಾಲ ಮತ್ತೊಂದು ಎಂಬುದಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನವು ಬೇಕಿಲ್ಲ.

ಕಾಗದವೂ ಬರೆಹವೂ

ಚಿತ್ರದ ಕೆಳಗಣ ಬರೆಹವು ಓಲೆಪ್ರತಿಯ ಸಮಾಪ್ತಿವಾಕ್ಯಕ್ಕೆ ಸಮಾನವಾದುದು. ಯುರೋಪಿನ ಅಚ್ಚುಗಳಲ್ಲಿ ಇದು ಲ್ಯಾಟಿನ್ ಪದಗಳ ಸಂಕ್ಷೇಪವಾಗಿ ಬರುವುದು: ‘ಪಿಂಕ್ಸಿಟ್’ ಎಂದರೆ ವರ್ಣಚಿತ್ರವನ್ನು ಬರೆದವನು, ‘ಡೆಲಿನಿಯಾವಿಟ್’ ಎಂದರೆ ರೇಖಾಚಿತ್ರವನ್ನು ಬರೆದವನು, ‘ಸ್ಕಲ್ಪ್‌ಸಿಟ್’ ಎಂದರೆ ಕೆತ್ತಿದವನು, ‘ಎಕ್ಸ್‌ಕುಡಿಟ್’ ಎಂದರೆ ಪ್ರಕಟಿಸಿದವನು. ಸಾಮಾನ್ಯವಾಗಿ ಚಿತ್ರಕಾರನ ಹೆಸರು ಎಡಕ್ಕೂ ಕೆತ್ತನೆಗಾರನ ಹೆಸರು ಬಲಕ್ಕೂ ಇರುವುವು. ಇಂಗ್ಲೆಂಡಿನಲ್ಲಿ ೧೭೩೫ರ ಶಾಸನವು ಕೆತ್ತನೆಗಾರರಿಗೆ ಸ್ವಾಮ್ಯವನ್ನು ಕೊಟ್ಟು, ಪ್ರಕಟನೆಯ ದಿನವನ್ನೂ ಸ್ವಾಮ್ಯವುಳ್ಳವನ ಹೆಸರನ್ನೂ ತಗಡಿನಲ್ಲಿ ಕೊರೆಯಬೇಕೆಂದು ವಿಧಿಸಿತು. ಹದಿನೆಂಟನೆಯ ಶತಮಾನದ ಅಚ್ಚುಗಳ ಅಡಿಯಲ್ಲಿ ಇಸವಿ ಸಿಗುವುದು ಈ ಕಾರಣದಿಂದ. ಆದರೆ ತಗಡು ಉಳಿದರೆ ಅದರ ಇಸವಿಯೂ ಉಳಿಯುವುದು. ಐವತ್ತು ವರ್ಷಗಳ ಬಳಿಕ ಅದೇ ತಗಡಿನಿಂದ ಮತ್ತೆ ಒತ್ತಿದ ಪ್ರತಿಯೂ ಹಳೆಯ ಇಸವಿಯನ್ನೇ ಹೇಳುವುದು.

ಆಗ ಕಾಗದವು ನೆರವಿಗೆ ಬರುವುದು. ಬೆಳಕಿಗೆ ಹಿಡಿದಾಗ ಸಮಾಂತರ ಗೆರೆಗಳು ತೋರುವುದು ತಂತಿಸಾಲಿನ ಮೇಲೆ ಮಾಡಿದ ಕಾಗದ. ಗೆರೆಯಿಲ್ಲದೆ ಸಮನಾಗಿ ತೋರುವುದು ನೆಯ್ದ ಜಾಲರಿಯ ಮೇಲೆ ಮಾಡಿದ ಕಾಗದ. ಎರಡನೆಯದು ಇಂಗ್ಲೆಂಡಿನಲ್ಲಿ ೧೭೫೦ರ ದಶಕದಲ್ಲಿ ಜೇಮ್ಸ್ ವಾಟ್‌ಮನ್‌ನ ಕಾಗದದಿಂದ ಪ್ರಸಿದ್ಧಿಗೆ ಬಂದಿತು. ೧೭೯೪ರಿಂದ ಮುಂದೆ ಇಂಗ್ಲಿಷ್ ಕಾಗದಗಳ ನೀರುಗುರುತಿನಲ್ಲಿ ಇಸವಿಯೂ ಅನೇಕ ವೇಳೆ ದೊರೆಯುವುದು. ಚಿತ್ರದ ಅಡಿಯಲ್ಲಿ ೧೭೯೪ ಎಂದಿದ್ದು ನೀರುಗುರುತು ೧೮೨೦ ಎಂದಿದ್ದರೆ ಪ್ರತಿಯ ಕಾಲವನ್ನು ನೀರುಗುರುತೇ ಹೇಳುವುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಮರದ ತಿರುಳಿನ ಕಾಗದವು ಹಬ್ಬಿತು. ಅದು ಬೇಗ ಕಂದುವುದು, ಮುಟ್ಟಿದರೆ ಮುರಿಯುವುದು. ಚಿಂದಿಯ ಕಾಗದವಾದರೋ ಇನ್ನೂರು ವರ್ಷಗಳ ಮೇಲೆಯೂ ಬೆಳ್ಳಗೆ ಇರಬಲ್ಲುದು.

ಹೇತುವೂ ಹೇತ್ವಾಭಾಸವೂ

ಮೇಲಣ ಲಕ್ಷಣಗಳನ್ನು ಹೇತುಗಳನ್ನಾಗಿ ಮಾಡಿ ಕಾಲವನ್ನು ಸಾಧಿಸುವಾಗ ತರ್ಕಶಾಸ್ತ್ರದ ಎಚ್ಚರವು ಅವಶ್ಯಕ. ಎಲ್ಲಿ ಸಾಲುಗಟ್ಟಿದ ಚುಕ್ಕೆಜಾಲವೋ ಅಲ್ಲಿ ೧೮೮೦ರ ದಶಕಕ್ಕೆ ಈಚಿನ ಮುದ್ರಣವೆಂಬ ವ್ಯಾಪ್ತಿಯು ದೃಢವಾದುದು. ಆದರೆ ಅದನ್ನು ತಿರುಗಿಸಿ, ಎಲ್ಲಿ ಚುಕ್ಕೆಜಾಲವಿಲ್ಲವೋ ಅಲ್ಲಿ ಪ್ರಾಚೀನತೆಯೆಂದರೆ ಸಲ್ಲದು. ಮರದಚ್ಚೂ ತಾಮ್ರದಚ್ಚೂ ಕಲ್ಲಚ್ಚೂ ಇಂದಿಗೂ ಕಲಾವಿದರ ಕೈಯಲ್ಲಿ ನಡೆದುಬರುತ್ತಿವೆ. ಲಕ್ಷಣವು ಸಾಮಾನ್ಯವಾಗಿ ‘ಇದಕ್ಕಿಂತ ಹಿಂದಿನದಲ್ಲ’ ಎಂಬುದನ್ನು ಸಾಧಿಸುವುದೇ ಹೊರತು ‘ಇದೇ ಕಾಲದ್ದು’ ಎಂಬುದನ್ನಲ್ಲ. ತಗಡಿನ ಚೌಕಟ್ಟಿನ ಗುರುತೊಂದನ್ನೇ ನಂಬುವುದೂ ಸರಿಯಲ್ಲ. ಫೋಟೊಗ್ರವೂರಿನಲ್ಲಿ ಅದು ನಿಜವಾಗಿಯೇ ಇರುವುದು. ಬೇರೆ ಅಚ್ಚುಗಳಿಗೆ ಬರಿಯ ತಗಡನ್ನು ಒತ್ತಿ ಹುಸಿಗುರುತನ್ನು ಮೂಡಿಸಿದ್ದೂ ಉಂಟು. ಕಾಗದದ ಕಂದುಬಣ್ಣವಂತೂ ಅನೈಕಾಂತಿಕ ಹೇತುವಿಗೆ ಉತ್ತಮ ಉದಾಹರಣೆ. ಕೊಡಗಿನಲ್ಲಿ ಮಳೆಗಾಲವು ದೀರ್ಘ. ಕಕ್ಕಡದ ತಿಂಗಳಲ್ಲಿ ಗೋಡೆಗಳು ಬೆವರುವುವು, ಒಲೆಯ ಹೊಗೆಯು ಅಟ್ಟವನ್ನೂ ಪಟವನ್ನೂ ಸಮನಾಗಿ ಹಿಡಿಯುವುದು. ಹೊಗೆಯಿಂದ ಬೆಂಕಿಯನ್ನು ಅನುಮಾನಿಸಬಹುದು. ಹೊಗೆ ಹಿಡಿದ ಕಾಗದದಿಂದ ಪ್ರಾಚೀನತೆಯನ್ನು ಅನುಮಾನಿಸಲಾಗದು.

ಮುದ್ರಣದ ಜಾತಿಯೂ ಕಾಲವೂ ನಿಶ್ಚಿತವಾದ ಮೇಲೆಯೂ ಸಾಕ್ಷ್ಯದ ಪ್ರಶ್ನೆಯೊಂದು ಉಳಿಯುವುದು. ಹಂಟರನು ೧೭೯೨ರಲ್ಲಿಯೇ ತೀರಿಕೊಂಡನು. ಅವನ ಚಿತ್ರಗಳು ಅಚ್ಚಾದದ್ದು ಹದಿಮೂರು ವರ್ಷಗಳ ಬಳಿಕ. ೧೮೦೫ ಎಂಬ ಇಸವಿಯನ್ನು ನೋಡಿ, ಅವು ಟಿಪ್ಪುವಿನ ಪತನಾನಂತರದ ಮೈಸೂರನ್ನು ತೋರಿಸುತ್ತವೆಂದು ಹೇಳಿದರೆ ಅದು ತಪ್ಪು. ಮುದ್ರೆಯು ಈಚಿನದಾದರೂ ದರ್ಶನವು ಹಿಂದಿನದು. ಇದಕ್ಕೆ ವಿಪರೀತವಾದ ನಿದರ್ಶನವೂ ಇದೆ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದ ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರನು ಆ ಲಗ್ಗೆಯ ಮಹಾಪಟವೊಂದನ್ನು ಬರೆದು ಲಂಡನ್ನಿನಲ್ಲಿ ಪ್ರದರ್ಶಿಸಿದನು. ಮೂಲಪಟವು ಉಳಿದಿಲ್ಲ; ವೆಂಡ್ರಮೀನಿ ಎಂಬ ಕುಶಲಿಯು ಅದನ್ನು ಅನುಸರಿಸಿ ಮಾಡಿದ ಚುಕ್ಕೆಕೆತ್ತನೆಗಳು ಉಳಿದಿವೆ. ಅವು ಅಚ್ಚಿನ ದೃಷ್ಟಿಯಿಂದ ನಿರ್ದುಷ್ಟವಾದ, ಘಟನೆಗೆ ಅತಿಸಮೀಪವಾದ ಕೃತಿಗಳು. ಆದರೆ ಅದನ್ನು ಬರೆದಾಗ ಪೋರ್ಟರನು ಶ್ರೀರಂಗಪಟ್ಟಣವನ್ನು ಕಂಡವನೇ ಅಲ್ಲ. ಸಮಕಾಲೀನತೆಯಿಂದ ಪ್ರತ್ಯಕ್ಷವು ಸಿದ್ಧಿಸುವುದಿಲ್ಲವೆಂಬುದು ಇಲ್ಲಿ ಗ್ರಾಹ್ಯವಾದ ಅಂಶ.

ಕೊಡಗಿನ ರಾಜಕುಮಾರಿ ಗೌರಮ್ಮನ ವಿಷಯಕ್ಕೂ ಈ ನ್ಯಾಯವನ್ನು ಅನ್ವಯಿಸಬಹುದು. ಅವಳು ೧೮೫೨ರಲ್ಲಿ ತಂದೆಯೊಡನೆ ಇಂಗ್ಲೆಂಡಿಗೆ ಹೋದಳು. ವಿಂಟರ್‌ಹಾಲ್ಟರನು ೧೮೫೪ರಲ್ಲಿ ಅವಳ ಎಣ್ಣೆಚಿತ್ರವನ್ನು ಬರೆದನು. ಅವಳದೆಂದು ತೋರಿಸುವ ಬಿಡಿ ಅಚ್ಚುಚಿತ್ರವು ೧೮೫೦ರ ದಶಕದ ವಾರಪತ್ರಿಕೆಯ ಹಾಳೆಯೆಂದು ಯಾರಾದರೂ ಹೇಳಿದರೆ, ಅದು ಮರದ ಕೆತ್ತನೆಯಾಗಿರಲೇಬೇಕು; ಸಾಲುಗಟ್ಟಿದ ಚುಕ್ಕೆಜಾಲವು ಕಂಡರೆ ಅದು ಬಹುಕಾಲಾನಂತರದ ಪುನರ್ಮುದ್ರಣವೆಂದು ಆ ಕ್ಷಣವೇ ನಿರ್ಣಯವಾಗುವುದು.

ಪರೀಕ್ಷೆಯ ಕ್ರಮ

ಪರೀಕ್ಷೆಗೆ ಬೇಕಾದ ಉಪಕರಣಗಳು ಅಲ್ಪ: ಹತ್ತುಮಡಿ ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ದೀಪ, ಶುಭ್ರವಾದ ಒಣಕೈ. ಪುತ್ತರಿ ಕಳೆದು ಬಿಸಿಲು ನಿಂತ ತಿಂಗಳುಗಳು ಇದಕ್ಕೆ ಯೋಗ್ಯವಾದ ಕಾಲ. ಮಳೆಗಾಲದಲ್ಲಿ ಕಟ್ಟನ್ನು ಬಿಚ್ಚಿದರೆ ಗಾಜಿಗೆ ಅಂಟಿದ ಕಾಗದವು ಹರಿಯುವ ಭಯವುಂಟು. ಮೊದಲು ಹಿಂಬದಿಯನ್ನು ನೋಡಿ, ಅಚ್ಚುಮೊಳೆಯ ಬರೆಹವೂ ಒತ್ತಿನ ಗುರುತೂ ಇವೆಯೇ ಎಂದು ತಿಳಿಯತಕ್ಕದ್ದು. ಎರಡನೆಯದಾಗಿ ಅಂಚಿನಲ್ಲಿ ತಗಡಿನ ಗುರುತನ್ನೂ ಬಣ್ಣ ಹೊಂದಿಸುವ ಸಣ್ಣ ಶಿಲುಬೆಯಾಕಾರದ ಗುರುತನ್ನೂ ಹುಡುಕತಕ್ಕದ್ದು. ಮೂರನೆಯದಾಗಿ ಓರೆಬೆಳಕಿನಲ್ಲಿ ಮಸಿಯ ದಿಣ್ಣೆಯನ್ನು ನೋಡತಕ್ಕದ್ದು. ನಾಲ್ಕನೆಯದಾಗಿ ಮುಖ, ಆಕಾಶ, ನೆರಳು ಎಂಬ ಮೂರು ಎಡೆಗಳನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ, ಗೆರೆಯೋ, ಕಣವೋ, ಕೈಚುಕ್ಕೆಯೋ, ಚುಕ್ಕೆಜಾಲವೋ ಎಂದು ಬರೆದಿಡತಕ್ಕದ್ದು. ಬಣ್ಣವು ಅಚ್ಚಿನದೋ ಕೈಯಿಂದ ಹಚ್ಚಿದುದೋ ಎಂಬುದೂ ಇಲ್ಲಿಯೇ ತಿಳಿಯುವುದು. ಕೈಬಣ್ಣವು ಗೆರೆಯನ್ನು ಮೀರಿ ಹರಿದಿರುವುದು. ಐದನೆಯದಾಗಿ ಬರೆಹ, ಆರನೆಯದಾಗಿ ಕಾಗದ. ಆರೂ ಪ್ರಮಾಣಗಳು ಒಂದೇ ಕಡೆಗೆ ಬೆರಳು ತೋರಿದರೆ ಮಾತ್ರ ನಿರ್ಣಯವನ್ನು ಹೇಳಬಹುದು; ಒಂದು ವಿರೋಧಿಸಿದರೂ ಸಂಶಯವನ್ನೇ ದಾಖಲಿಸುವುದು ಲೇಸು.

ಇಷ್ಟನ್ನು ಹೇಳಿದ ಮೇಲೆ ಒಂದು ಕಳವಳದ ಸಂಗತಿಯನ್ನು ಸೂಚಿಸದೆ ಇರಲಾಗದು. ಹಳೆಯ ಮನೆಗಳನ್ನು ಸರಿಪಡಿಸುವಾಗ ಪಟಗಳಿಗೆ ಹೊಸ ಕಟ್ಟುಗಳನ್ನು ಹಾಕಿಸುವರು. ಕಟ್ಟಿನ ಅಳತೆಗೆ ಸರಿಹೋಗಲೆಂದು ಪಟದ ನಾಲ್ಕು ಅಂಚುಗಳನ್ನೂ ಕತ್ತರಿಸಿ ಎಸೆಯುವರು. ಹಿಂಬದಿಗೆ ರಟ್ಟನ್ನು ಅಂಟಿಸುವರು. ದೇವರ ಮುಖವೂ ಅರಸನ ಮುಖವೂ ಉಳಿಯುವುವು. ಕೆತ್ತಿದವನ ಹೆಸರು, ಪ್ರಕಟನೆಯ ದಿನ, ಮುದ್ರಣಾಲಯದ ಊರು, ತಗಡಿನ ಗುರುತು, ಹಿಂಬದಿಯ ಬರೆಹ ಇವೆಲ್ಲ ಕಸದ ಬುಟ್ಟಿಗೆ ಸೇರುವುವು. ಓಲೆಯ ಪ್ರತಿಯಿಂದ ಕೊನೆಯ ಗರಿಯನ್ನು ಕಿತ್ತೆಸೆದರೆ ಗ್ರಂಥಸಂಪಾದಕನಿಗೆ ಆಗುವ ನಷ್ಟವು ಯಾವುದೋ ಇಲ್ಲಿ ಇತಿಹಾಸಕ್ಕೆ ಆಗುವ ನಷ್ಟವೂ ಅದೇ. ಶಾಲೆಯ ಉಪಾಧ್ಯಾಯರು ತಮ್ಮ ನಾಡಿನ ಐನ್‌ಮನೆಗಳ ಪಟಗಳನ್ನು ಅವುಗಳ ಎಡೆಯಿಂದ ಕದಲಿಸದೆಯೇ ಜಾತಿ, ಅಳತೆ, ಅಂಚಿನ ಬರೆಹ, ಕಾಗದ ಎಂಬ ನಾಲ್ಕು ಅಂಕಣಗಳಲ್ಲಿ ಪಟ್ಟಿಮಾಡಿಕೊಳ್ಳಬಹುದು. ಮಳೆ ನಿಂತ ಒಂದು ರಜಾಕಾಲದಲ್ಲಿ ಮುಗಿಯುವ ಕೆಲಸವಿದು. ಹಾಗೆ ಮಾಡಿದ ಪಟ್ಟಿಯೊಂದು ಇದ್ದರೆ, ಯಾವ ಪಟವು ಕಂಡುದನ್ನು ಹೇಳುತ್ತದೆ, ಯಾವುದು ಕೇಳಿದುದನ್ನು ಹೇಳುತ್ತದೆ ಎಂಬುದನ್ನು ಮುಂದಿನವರು ತಾವೇ ನಿರ್ಣಯಿಸಿಕೊಳ್ಳುವರು. ಅಂಚನ್ನು ಕತ್ತರಿಸಿದ ಪಟದಲ್ಲಿ ಆ ನಿರ್ಣಯಕ್ಕೆ ಮುಖ್ಯವಾದ ಆಧಾರಗಳೇ ಉಳಿದಿರುವುದಿಲ್ಲ.